ಬಟನ್ ಒತ್ತಿದ್ರೂ ಕಾರು ಸ್ಟಾರ್ಟ್ ಆಗ್ತಿಲ್ವಾ? ಗಾಬರಿ ಬೇಡ, ಮೊದಲು ಇಷ್ಟು ನೋಡಿ

ಶಿವಮೊಗ್ಗ: ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿಕೊಂಡು ವಾಪಸ್ ಬಂದು ಕಾರಿನ ಬಾಗಿಲಿಗೆ ಕೈ ಹಾಕಿದರೆ ಬಾಗಿಲು ತೆಗೆಯುತ್ತಿಲ್ಲ. ಕೀ ಜೇಬಿನಲ್ಲೇ ಇದೆ. ಒತ್ತಿದರೂ ಸದ್ದಿಲ್ಲ. ಜೊತೆಗೆ ವಯಸ್ಸಾದ ಅಮ್ಮ, ಚಿಕ್ಕ ಮಕ್ಕಳು. ಕತ್ತಲಾಗುತ್ತಿದೆ, ಫೋನಿಗೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿಲ್ಲ. ‘ಹೊಸ ಕಾರು, ಹಿಂಗೆ ಕೈ ಕೊಡ್ತಲ್ಲಪ್ಪಾ’ ಅಂತ ತಲೆ ಮೇಲೆ ಕೈ ಹೊತ್ತು ಕೂರುವ ಪರಿಸ್ಥಿತಿ.

ಕೀ ತಿರುಗಿಸುವ ಕಾಲ ಹೋಗಿ ಈಗ ಬಟನ್ ಒತ್ತುವ ಕಾಲ ಬಂದಿದೆ. ಮಧ್ಯಮ ದರದ ಕಾರುಗಳಲ್ಲೂ ಪುಶ್ ಬಟನ್ ಸ್ಟಾರ್ಟ್ ಸಾಮಾನ್ಯ. ಅನುಕೂಲ ಹೌದು. ಆದರೆ ಅದು ಕೈ ಕೊಟ್ಟಾಗ ಏನು ಮಾಡಬೇಕು ಅನ್ನೋದು ಅನೇಕ ಮಾಲೀಕರಿಗೆ ಗೊತ್ತಿರುವುದಿಲ್ಲ. ಶೋರೂಂನಲ್ಲಿ ಡೆಲಿವರಿ ದಿನ ಹೇಳಿದ್ದು ಪೂಜೆ, ಫೋಟೋ ಗಡಿಬಿಡಿಯಲ್ಲಿ ಮರೆತೇ ಹೋಗಿರುತ್ತೆ.

ಮುಖ್ಯ ವಿಷಯ ಏನಂದ್ರೆ, ಕೀಯೊಳಗಿನ ಸೆಲ್ ಪೂರ್ತಿ ಸತ್ತು ಹೋದರೂ ಕಾರಿನ ಬಾಗಿಲು ತೆಗೆಯಬಹುದು, ಎಂಜಿನ್ ಸ್ಟಾರ್ಟ್ ಮಾಡಬಹುದು. ಅದಕ್ಕೆ ಕಂಪನಿಯವರೇ ದಾರಿ ಇಟ್ಟಿರುತ್ತಾರೆ. ಆ ದಾರಿಯನ್ನು ಮನೆ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿದವರಿಗೆ ಘಾಟಿಯಲ್ಲಿ ರಾತ್ರಿ ಕಳೆಯುವ ಪ್ರಸಂಗ ಬರುವುದು ಕಡಿಮೆ.

ಇದು ಕೆಲಸ ಮಾಡೋದು ಹೇಗೆ?

ಬಾಗಿಲಿನ ಹಿಡಿಕೆ ಮುಟ್ಟಿದಾಗ ಅಥವಾ ಸ್ಟಾರ್ಟ್ ಬಟನ್ ಒತ್ತಿದಾಗ ಕಾರು ‘ಕೀ ಎಲ್ಲಿದೆ?’ ಎಂದು ಕಡಿಮೆ ಶಕ್ತಿಯ ರೇಡಿಯೋ ಸಂಕೇತ ಕಳಿಸುತ್ತದೆ. ಅದು ಮುಟ್ಟುವುದು ಸುಮಾರು ಒಂದು ಮೀಟರ್ ದೂರಕ್ಕೆ ಮಾತ್ರ. ಕೀ ಅದನ್ನು ಕೇಳಿಸಿಕೊಂಡು ತನ್ನ ಗುಟ್ಟಿನ ಕೋಡ್ ಮೂಲಕ ಉತ್ತರ ಕೊಡುತ್ತದೆ. ಕೋಡ್ ಹೊಂದಿಕೆಯಾದರೆ ಬಾಗಿಲು ತೆರೆಯುತ್ತದೆ, ಎಂಜಿನ್ ಸ್ಟಾರ್ಟ್ ಆಗಲು ಒಪ್ಪಿಗೆ ಸಿಗುತ್ತದೆ.

ಹೀಗೆ ಉತ್ತರ ಕೊಡಲು ಕೀಯೊಳಗೆ 3 ವೋಲ್ಟ್‌ನ ಪುಟ್ಟ ಸೆಲ್ ಇರುತ್ತದೆ. ಇದರ ಜೊತೆಗೆ ಸೆಲ್ ಇಲ್ಲದೆಯೂ ಕೆಲಸ ಮಾಡುವ ಒಂದು ಚಿಪ್ ಕೂಡ ಕೀಯಲ್ಲಿದೆ. ಕಾರಿನಲ್ಲಿ ಗೊತ್ತುಪಡಿಸಿದ ಜಾಗಕ್ಕೆ ತೀರಾ ಹತ್ತಿರ ಹಿಡಿದರೆ ಈ ಚಿಪ್‌ಗೆ ಬೇಕಾದ ವಿದ್ಯುತ್ ಕಾರಿನಿಂದಲೇ ಸಿಗುತ್ತದೆ. ಕಷ್ಟಕಾಲದಲ್ಲಿ ಕೈ ಹಿಡಿಯುವುದು ಇದೇ ಚಿಪ್.

ಮೊದಲು ಲಕ್ಷಣ ನೋಡಿ

ಬಟನ್ ಮೇಲೆ ಬಟನ್ ಒತ್ತುತ್ತಾ ಕೂತರೆ ಪ್ರಯೋಜನವಿಲ್ಲ. ಒತ್ತಿದಾಗ ಏನಾಗುತ್ತದೆ ಅನ್ನೋದನ್ನು ಗಮನಿಸಿದರೆ ಅರ್ಧ ಸಮಸ್ಯೆ ಗೊತ್ತಾದಂತೆ.

• ಮೀಟರ್ ಬೋರ್ಡ್ ಲೈಟ್ ಚೆನ್ನಾಗಿ ಬರುತ್ತಿದೆ, ಆದರೆ ‘ಕೀ ಸಿಗುತ್ತಿಲ್ಲ’ ಎಂಬ ಸಂದೇಶ ಅಥವಾ ಕೀ ಚಿತ್ರ ಮಿನುಗುತ್ತಿದೆ: ಕೀಯ ಸೆಲ್ ಅಥವಾ ಸಂಕೇತದ ಸಮಸ್ಯೆ.
• ಲೈಟ್ ಮಂಕಾಗಿದೆ, ಒತ್ತಿದರೆ ‘ಟಕ ಟಕ ಟಕ’ ಸದ್ದು, ಅಥವಾ ಏನೂ ಇಲ್ಲ: ಕಾರಿನ 12 ವೋಲ್ಟ್ ಬ್ಯಾಟರಿ ಇಳಿದಿದೆ.
• ಲೈಟ್ ಚೆನ್ನಾಗಿದೆ, ಕೀ ಸಂದೇಶ ಇಲ್ಲ, ಆದರೆ ಎಂಜಿನ್ ತಿರುಗುತ್ತಲೇ ಇಲ್ಲ: ಬ್ರೇಕ್, ಕ್ಲಚ್, ಗೇರ್ ಅಥವಾ ಸ್ಟೀರಿಂಗ್ ಲಾಕ್ ನೋಡಬೇಕು.
• ಎಂಜಿನ್ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ: ಇದು ಸಾಮಾನ್ಯವಾಗಿ ಕೀ ಸಮಸ್ಯೆಯಲ್ಲ. ಇಂಧನ ಇದೆಯಾ ನೋಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಡೀಸೆಲ್ ಕಾರಿನವರು ಒಂದು ವಿಷಯ ನೆನಪಿಡಬೇಕು. ಚಳಿಗಾಲದ ಬೆಳಗ್ಗೆ ಬಟನ್ ಒತ್ತಿದ ಮೇಲೆ ಎಂಜಿನ್ ಒಳಗೆ ಬಿಸಿಯಾಗುವವರೆಗೆ ಒಂದೆರಡು ಸೆಕೆಂಡ್ ತಡವಾಗಬಹುದು. ಬ್ರೇಕ್‌ನಿಂದ ಕಾಲು ತೆಗೆಯದೆ ಕಾಯಬೇಕು. ಇದು ದೋಷ ಅಲ್ಲ.

ಕೀ ಸತ್ತಿದ್ದರೆ ಬಾಗಿಲು ತೆಗೆಯೋದು ಹೇಗೆ?

ಸ್ಮಾರ್ಟ್ ಕೀಯೊಳಗೇ ಒಂದು ಮಾಮೂಲಿ ಲೋಹದ ಕೀ ಅಡಗಿರುತ್ತದೆ. ಪಕ್ಕದಲ್ಲೋ ಹಿಂಬದಿಯಲ್ಲೋ ಇರುವ ಚಿಕ್ಕ ಗುಂಡಿ ಜರುಗಿಸಿ ಎಳೆದರೆ ಅದು ಹೊರಗೆ ಬರುತ್ತದೆ. ಇದನ್ನು ಚಾಲಕನ ಬದಿಯ ಬಾಗಿಲಿಗೆ ಹಾಕಿ ತಿರುಗಿಸಬೇಕು.

‘ನಮ್ಮ ಕಾರಿಗೆ ಕೀ ಹಾಕೋ ತೂತೇ ಇಲ್ಲ’ ಅನ್ನುವವರಿದ್ದಾರೆ. ಕೆಲವು ಕಾರುಗಳಲ್ಲಿ ಅದು ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಒಳಗಿರುತ್ತದೆ. ಹಿಡಿಕೆ ಎಳೆದು ಹಿಡಿದು, ಮುಚ್ಚಳವನ್ನು ನಿಧಾನವಾಗಿ ಮೀಟಿ ತೆಗೆಯಬೇಕು. ಯಾವ ಕಡೆಯಿಂದ ಮೀಟಬೇಕು ಅನ್ನೋದು ಮಾಲೀಕರ ಕೈಪಿಡಿಯಲ್ಲಿದೆ. ಲೋಹದ ಕೀಯಿಂದ ತೆಗೆದಾಗ ಕೆಲವು ಕಾರುಗಳ ಅಲಾರಂ ಕಿರುಚಿಕೊಳ್ಳಬಹುದು. ಹೆದರಬೇಡಿ, ಎಂಜಿನ್ ಸ್ಟಾರ್ಟ್ ಆದರೆ ಅದು ನಿಲ್ಲುತ್ತದೆ.

ಇನ್ನು ಸ್ಟಾರ್ಟ್ ಮಾಡೋದು

ಒಳಗೆ ಕೂತ ಮೇಲೆ ಮಾಡಬೇಕಾದ್ದು ಇಷ್ಟೇ: ಬ್ರೇಕ್ ಗಟ್ಟಿಯಾಗಿ ಒತ್ತಿ (ಮ್ಯಾನ್ಯುಯಲ್ ಕಾರಾದರೆ ಕ್ಲಚ್ ಕೂಡ), ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿಯಿರಿ, ನಂತರ ಬಟನ್ ಒತ್ತಿ. ಕಂಪನಿಯಿಂದ ಕಂಪನಿಗೆ ಸಣ್ಣ ವ್ಯತ್ಯಾಸ ಇದೆ.

• ಹ್ಯುಂಡೈ, ಕಿಯಾ: ಬೆರಳಿನ ಬದಲು ಕೀಯಿಂದಲೇ ಸ್ಟಾರ್ಟ್ ಬಟನ್ ಒತ್ತಬೇಕು.
• ಟೊಯೊಟಾ: ಕೀಯ ಮೇಲೆ ಕಂಪನಿಯ ಚಿಹ್ನೆ ಇರುವ ಬದಿಯನ್ನು ಬಟನ್‌ಗೆ ತಾಗಿಸಬೇಕು. ಬೀಪ್ ಸದ್ದು ಬಂದ ಕೂಡಲೇ ಬಟನ್ ಒತ್ತಬೇಕು.
• ಮಾರುತಿ ಸುಜುಕಿ: ಎಚ್ಚರಿಕೆ ದೀಪ ಮಿನುಗುತ್ತಿರುವಾಗಲೇ ಕೀಯ ಲಾಕ್ ಬಟನ್ ಇರುವ ತುದಿಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಬೇಕು.
• ಬೇರೆ ಕೆಲವು ಕಾರುಗಳು: ಕಪ್ ಇಡುವ ಜಾಗ, ಸೀಟುಗಳ ನಡುವಿನ ಪೆಟ್ಟಿಗೆ ಅಥವಾ ಸ್ಟೀರಿಂಗ್ ಕಂಬದ ಪಕ್ಕ ಕೀ ಇಡಲು ಗುರುತು ಮಾಡಿದ ಜಾಗ ಇರುತ್ತದೆ.

ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳಲ್ಲೂ ಕ್ರಮ ಬೇರೆ ಇರಬಹುದು. ಹಾಗಾಗಿ ಕೈಪಿಡಿಯ ಆ ಒಂದು ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನೆಟ್‌ವರ್ಕ್ ಇಲ್ಲದ ಕಡೆ ಯೂಟ್ಯೂಬ್ ನೋಡೋಕಾಗಲ್ಲ.

ಸೆಲ್ ಬದಲಿಸುವಾಗ

ಕೀ ಸೆಲ್ ಇಳಿಯುತ್ತಿದೆ ಅನ್ನೋದಕ್ಕೆ ಮುನ್ಸೂಚನೆ ಸಿಗುತ್ತದೆ. ಮೊದಲು ದೂರದಿಂದಲೇ ಲಾಕ್ ಆಗುತ್ತಿದ್ದ ಕಾರು ಈಗ ಹತ್ತಿರ ಬಂದರಷ್ಟೇ ಲಾಕ್ ಆಗುತ್ತದೆ. ಎರಡು ಮೂರು ಸಲ ಒತ್ತಬೇಕಾಗುತ್ತದೆ. ಹಲವು ಕಾರುಗಳು ಮೀಟರ್ ಬೋರ್ಡ್‌ನಲ್ಲೇ ಸಂದೇಶ ತೋರಿಸುತ್ತವೆ. ಅದನ್ನು ‘ಆಮೇಲೆ ನೋಡೋಣ’ ಅಂತ ಬಿಡಬಾರದು.

ಹೆಚ್ಚಿನ ಕೀಗಳಿಗೆ ಸಿಆರ್ 2032 ಸೆಲ್ ಬರುತ್ತದೆ. ಕೆಲವಕ್ಕೆ ಸಿಆರ್ 2025, ಸಿಆರ್ 1632 ಅಥವಾ ಸಿಆರ್ 2450. ಈ ಸಂಖ್ಯೆ ಸೆಲ್‌ನ ಅಳತೆ. 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಆದ್ದರಿಂದ ‘ಹತ್ತಿರ ಹತ್ತಿರ ಇದೆ’ ಅಂತ ಬೇರೆ ನಂಬರಿನದ್ದು ಹಾಕಿದರೆ ಸರಿಯಾಗಿ ಕೂರುವುದಿಲ್ಲ. ವಾಚ್ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯದನ್ನು ತೆಗೆದುಕೊಂಡು ಹೋಗಿ ತೋರಿಸಿ ತರಬೇಕು. ಪ್ಲಸ್ ಬದಿ ಯಾವ ಕಡೆ ಇತ್ತು ಎಂದು ತೆಗೆಯುವ ಮೊದಲೇ ನೋಡಿಕೊಳ್ಳಬೇಕು.

ಸೆಲ್ ಬದಲಿಸಿದರೆ ಕೀಯ ಕೋಡ್ ಅಳಿಸಿ ಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಮಕ್ಕಳಿರುವ ಮನೆಯವರು ಗಮನಿಸಿ: ಹಳೆ ಸೆಲ್ ಅನ್ನು ಟೇಬಲ್ ಮೇಲೆ ಬಿಡಬೇಡಿ. ಕಾರಿಗೆ ಸಾಲದಷ್ಟು ಇಳಿದ ಸೆಲ್ ಕೂಡ ಮಗು ನುಂಗಿದರೆ ಅನ್ನನಾಳವನ್ನು 2 ಗಂಟೆಯೊಳಗೆ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೀ ಅಲ್ಲ, ಕಾರಿನ ಬ್ಯಾಟರಿಯೇ ಇಳಿದಿದ್ದರೆ?

ಕೀ ಸರಿ ಇದ್ದರೂ ಬಾನೆಟ್ ಒಳಗಿನ 12 ವೋಲ್ಟ್ ಬ್ಯಾಟರಿ ಇಳಿದಿದ್ದರೆ ಬಾಗಿಲೂ ತೆಗೆಯಲ್ಲ, ಬಟನ್ನೂ ಕೆಲಸ ಮಾಡಲ್ಲ. ‘ಕೀ ಹಾಳಾಗಿದೆ’ ಅಂತ ಅಂದುಕೊಳ್ಳುವ ಅನೇಕ ಪ್ರಕರಣಗಳಲ್ಲಿ ನಿಜವಾದ ಕಾರಣ ಇದೇ ಆಗಿರುತ್ತದೆ.

ಮಲೆನಾಡಿನಲ್ಲಿ ಇದು ಇನ್ನಷ್ಟು ಅನ್ವಯ. ಮಕ್ಕಳು ಬೆಂಗಳೂರಲ್ಲಿ, ಕಾರು ಊರಿನ ಮನೆಯ ಶೆಡ್‌ನಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಕೀಗಾಗಿ ಕಾಯುವ ವ್ಯವಸ್ಥೆ, ಅಲಾರಂ ಎಲ್ಲ ಕಾರು ನಿಂತಿದ್ದಾಗಲೂ ಸ್ವಲ್ಪ ಸ್ವಲ್ಪ ವಿದ್ಯುತ್ ಕುಡಿಯುತ್ತಲೇ ಇರುತ್ತವೆ. ಮೇಲಾಗಿ ಕೀಯನ್ನು ಶೆಡ್ ಗೋಡೆಯ ಮೊಳೆಗೆ, ಕಾರಿನ ಪಕ್ಕದಲ್ಲೇ ನೇತು ಹಾಕಿದರೆ ಎರಡೂ ಸುಮ್ಮನೆ ಮಾತಾಡಿಕೊಳ್ಳುತ್ತಾ ಇಬ್ಬರ ಬ್ಯಾಟರಿಯೂ ಬೇಗ ಇಳಿಯಬಹುದು. ಕೀ ಮನೆಯೊಳಗಿರಲಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿಗೂ ಒಳ್ಳೆಯದು, ಬಾನೆಟ್ ಒಳಗೆ ಸೇರಿ ವೈರ್ ಕಡಿಯುವ ಇಲಿಗಳ ಕಾಟವೂ ಬೇಗ ಗೊತ್ತಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು: ಬ್ರೇಕ್ ಒತ್ತದೆ ಬಟನ್ ಒತ್ತಿ, ಎಂಜಿನ್ ಇಲ್ಲದೆ ಹಾಡು ಕೇಳುತ್ತಾ ಕೂರುವುದು. ಇಳಿಯುವಾಗ ಆಫ್ ಆಗಿದೆಯಾ ಅಂತ ನೋಡದೆ ಹೋದರೆ ಬೆಳಗ್ಗೆ ಬ್ಯಾಟರಿ ಖಾಲಿ.

ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 12 ವೋಲ್ಟ್‌ಗಿಂತ ಕಡಿಮೆ ಇದ್ದರೆ ಇಳಿದಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಥವಾ ಕ್ಲಾಂಪ್ ಸಡಿಲವಾಗಿದ್ದರೆ ಅದೂ ಕಾರಣ ಇರಬಹುದು.

ಬೇರೆ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವ ಕ್ರಮ ಹೀಗಿದೆ:

1. ಎರಡೂ ಕಾರು ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ. ಕಾರುಗಳು ಒಂದಕ್ಕೊಂದು ತಾಗಬಾರದು.
2. ಕೆಂಪು ಕೇಬಲ್‌ನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೆ ಬ್ಯಾಟರಿಯ ಮೈನಸ್‌ಗೆ.
4. ಕಪ್ಪಿನ ಕೊನೆಯ ತುದಿ ಇಳಿದ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ.
5. ಒಳ್ಳೆ ಕಾರು ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಟ್ಟು, ನಂತರ ಇಳಿದ ಕಾರು ಸ್ಟಾರ್ಟ್ ಮಾಡಿ.
6. ತೆಗೆಯುವಾಗ ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ.

ಪ್ಲಸ್ ಮೈನಸ್ ಅದಲು ಬದಲಾದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗಬಹುದು. ಅನುಮಾನ ಇದ್ದರೆ ಬ್ಯಾಟರಿ ಅಂಗಡಿಯವರನ್ನೇ ಕರೆಸುವುದು ಕ್ಷೇಮ. ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟ್ ಬ್ಯಾಟರಿ ಬೇರೆ ಇರುತ್ತದೆ. ದೊಡ್ಡ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೂ ಇದು ಇಳಿದರೆ ಕಾರು ಎಚ್ಚರಗೊಳ್ಳುವುದಿಲ್ಲ. ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಿಗೆ ಕೈಪಿಡಿ ನೋಡದೆ ಕೇಬಲ್ ಹಾಕಬೇಡಿ.

ಬ್ರೇಕ್, ಕ್ಲಚ್, ಮ್ಯಾಟ್

ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತಿರಬೇಕು, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿರಬೇಕು. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿರಬೇಕು. ಮಳೆಗಾಲಕ್ಕೆಂದು ಹಾಕಿಸಿದ ದಪ್ಪ ರಬ್ಬರ್ ಮ್ಯಾಟ್ ಮುಂದಕ್ಕೆ ಜರುಗಿ ಪೆಡಲ್ ಕೆಳಗೆ ಸೇರಿಕೊಂಡರೆ ಕ್ಲಚ್ ಕೊನೆಯವರೆಗೂ ಹೋಗುವುದಿಲ್ಲ. ಕಾರು ಸ್ಟಾರ್ಟ್ ಆಗುವುದಿಲ್ಲ. ಮೊದಲು ಮ್ಯಾಟ್ ಹಿಂದಕ್ಕೆ ಎಳೆದು ನೋಡಿ.

ಎಂಜಿನ್ ಆಫ್ ಇದ್ದಾಗ ಬ್ರೇಕ್ ಅನ್ನು ಎರಡು ಮೂರು ಸಲ ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಮಾಮೂಲಿಗಿಂತ ಜೋರಾಗಿ ಒತ್ತಬೇಕು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ಲೈಟ್ ಹತ್ತುತ್ತಿದೆಯಾ ಎಂದು ಇನ್ನೊಬ್ಬರನ್ನು ನೋಡಲು ಹೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್ ಹೋಗಿರಬಹುದು.

ಚಕ್ರ ತಿರುಗಿಸಿಟ್ಟು ನಿಲ್ಲಿಸಿದ ಕಾರಿನಲ್ಲಿ ಸ್ಟೀರಿಂಗ್ ಲಾಕ್ ಬಿಗಿಯಾಗಿರುತ್ತದೆ. ಸ್ಟೀರಿಂಗ್ ಅನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸುತ್ತಾ ಬಟನ್ ಒತ್ತಿದರೆ ಬಿಡುತ್ತದೆ.

ಕೀ ಜೊತೆ ಫೋನ್ ಬೇಡ

ಕೀಯನ್ನು ಮೊಬೈಲ್ ಜೊತೆ ಒಂದೇ ಜೇಬಿನಲ್ಲಿ, ವೈರ್‌ಲೆಸ್ ಚಾರ್ಜರ್ ಮೇಲೆ, ನಾಣ್ಯಗಳ ನಡುವೆ ಇಟ್ಟರೆ ಸಂಕೇತ ಸಿಗದಿರಬಹುದು. ಟಿವಿ ಟವರ್, ರೇಡಿಯೋ ಕೇಂದ್ರ, ವಿದ್ಯುತ್ ಉಪಕೇಂದ್ರಗಳ ಹತ್ತಿರವೂ ಅಡಚಣೆ ಆಗುತ್ತದೆ. ಹೊರಗಿನಿಂದ ಹಾಕಿಸಿದ ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ಲೈಟ್‌ಗಳೂ ಇದಕ್ಕೆ ಕಾರಣವಾಗಬಲ್ಲವು. ಒಂದೇ ಜಾಗದಲ್ಲಿ ಮಾತ್ರ ತೊಂದರೆ ಬಂದು, ಬೇರೆಡೆ ಸರಿ ಇದ್ದರೆ ಕೀ ಹಾಳಾಗಿಲ್ಲ ಎಂದರ್ಥ. ಫೋನ್ ದೂರ ಇಟ್ಟು, ಕೀಯನ್ನು ಬಟನ್‌ಗೆ ತಾಗಿಸಿ ಸ್ಟಾರ್ಟ್ ಮಾಡಬಹುದು.

ಕೀ ಮಳೆಯಲ್ಲಿ ನೆನೆದರೆ ಅಥವಾ ಪ್ಯಾಂಟ್ ಜೊತೆ ಬಟ್ಟೆ ಒಗೆಯಲು ಹೋಗಿದ್ದರೆ ಬಟನ್ ಒತ್ತುತ್ತಾ ಹೋಗಬೇಡಿ. ಬಿಚ್ಚಿ ಸೆಲ್ ಹೊರಗೆ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಒಂದು ದಿನ ಬಿಟ್ಟು, ಹೊಸ ಸೆಲ್ ಹಾಕಿ ನೋಡಿ. ಬಿಸಿಲು, ಒಲೆ ಹತ್ತಿರ ಇಡಬೇಡಿ.

ಕೀ ಹೆಂಡತಿ ಬ್ಯಾಗ್‌ನಲ್ಲಿ, ಕಾರು ಸಾಗರದಲ್ಲಿ!

ನಗಬೇಡಿ, ಇದು ಯಾರಿಗಾದರೂ ಆಗಬಹುದಾದ ಎಡವಟ್ಟು. ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಪತ್ನಿಯನ್ನು ಇಳಿಸಿ ಗಂಡ ಸಾಗರಕ್ಕೆ ಹೊರಡುತ್ತಾನೆ. ಕೀ ಇರುವುದು ಪತ್ನಿಯ ಬ್ಯಾಗ್‌ನಲ್ಲಿ. ಕೀ ದೂರ ಹೋಯಿತೆಂದು ಕಾರು ಬೀಪ್ ಮಾಡುತ್ತದೆ, ಆದರೆ ಓಡುತ್ತಿರುವ ಎಂಜಿನ್ ಆಫ್ ಆಗುವುದಿಲ್ಲ. ಹಾಗೆ ಆಫ್ ಆದರೆ ರಸ್ತೆ ಮಧ್ಯೆ ಅಪಾಯ ಎಂಬುದೇ ಇದಕ್ಕೆ ಕಾರಣ. ಸಾಗರದಲ್ಲಿ ಆಫ್ ಮಾಡಿದ ಮೇಲೆ ಮಾತ್ರ ಮತ್ತೆ ಸ್ಟಾರ್ಟ್ ಆಗಲ್ಲ. ಬೀಪ್ ಕೇಳಿಸಿದರೆ ಅಲ್ಲೇ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಕೀ ಎಲ್ಲಿದೆ ಅಂತ ನೋಡಬೇಕು.

ಇಳಿಜಾರಿನಲ್ಲಿ ತಳ್ಳಬೇಡಿ

ಹಳೆ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡಿದ ಅಭ್ಯಾಸ ಹಲವರಿಗಿದೆ. ಈ ಕಾರುಗಳಲ್ಲಿ ಅದು ನಡೆಯಲ್ಲ ಅಂತಲೇ ತಿಳಿದುಕೊಳ್ಳಬೇಕು. ಆಟೊಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಸಾಧ್ಯವೇ ಇಲ್ಲ. ಮ್ಯಾನ್ಯುಯಲ್‌ನಲ್ಲೂ ಕಾರು ಕೀಯನ್ನು ಗುರುತಿಸದ ಹೊರತು ಎಂಜಿನ್ ಹತ್ತಿಕೊಳ್ಳುವುದಿಲ್ಲ. ಎಂಜಿನ್ ಇಲ್ಲದಾಗ ಬ್ರೇಕ್ ಗಟ್ಟಿ, ಸ್ಟೀರಿಂಗ್ ಭಾರ ಅಥವಾ ಲಾಕ್. 14 ತಿರುವುಗಳ ಆಗುಂಬೆ ಘಾಟಿಯಂಥ ಕಡೆ ಇಂಥ ಕಾರನ್ನು ಇಳಿಜಾರಿಗೆ ಬಿಡುವುದು ಪ್ರಾಣದ ಜೊತೆ ಆಟ.

ರಸ್ತೆಯಲ್ಲಿ ನಿಂತುಬಿಟ್ಟರೆ ಹಜಾರ್ಡ್ ಲೈಟ್ ಹಾಕಿ, ಕಾರಿನ ಹಿಂದೆ ಕೆಂಪು ತ್ರಿಕೋನ ಇಟ್ಟು, ಎಲ್ಲರೂ ಇಳಿದು ರಸ್ತೆಯ ಅಂಚಿಗೆ ಸುರಕ್ಷಿತ ಜಾಗಕ್ಕೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ತುರ್ತು ಸಹಾಯಕ್ಕೆ 112. ವಿಮೆಯಲ್ಲಿ ಅಥವಾ ಕಂಪನಿಯ ವಾರಂಟಿಯಲ್ಲಿ ರಸ್ತೆ ಬದಿ ನೆರವು ಇದೆಯಾ ಎಂದು ಮೊದಲೇ ನೋಡಿ ಆ ನಂಬರ್ ಬರೆದಿಟ್ಟುಕೊಳ್ಳಿ.

ಇವನ್ನೂ ಮರೆಯಬೇಡಿ

• ಓಡುವಾಗ ಎಂಜಿನ್ ಆಫ್ ಮಾಡಲೇಬೇಕಾದ ಸಂದರ್ಭ ಬಂದರೆ: ಬ್ರೇಕ್ ಹಿಡಿದು, ನ್ಯೂಟ್ರಲ್‌ಗೆ ಹಾಕಿ, ಸ್ಟಾರ್ಟ್ ಬಟನ್ ಅನ್ನು 2–3 ಸೆಕೆಂಡ್ ಒತ್ತಿ ಹಿಡಿಯಬೇಕು ಅಥವಾ ಬೇಗ ಬೇಗ ಮೂರು ಸಲ ಒತ್ತಬೇಕು. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಇದು ಗೊತ್ತಿರಬೇಕು.
• ಸದ್ದಿಲ್ಲದ ಎಂಜಿನ್ ಆಫ್ ಆಗಿದೆ ಅಂದುಕೊಂಡು ಮುಚ್ಚಿದ ಗ್ಯಾರೇಜ್‌ನಲ್ಲಿ ಬಿಟ್ಟು ಹೋಗಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.
• ಕೀ ಒಳಗಿದ್ದರೆ ಕಾರು ಸಾಮಾನ್ಯವಾಗಿ ಲಾಕ್ ಆಗುವುದಿಲ್ಲ. ಆದರೆ ಸೆಲ್ ಇಳಿದ ಕೀ ಒಳಗಿರುವುದು ಕಾರಿಗೆ ಗೊತ್ತಾಗದೆ ಹೋಗಬಹುದು. ಮಗು ಒಳಗೆ ಸಿಕ್ಕಿಕೊಂಡರೆ ಮೆಕ್ಯಾನಿಕ್‌ಗೆ ಕಾಯಬೇಡಿ. 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಪಕ್ಕದ ಕಿಟಕಿ ಗಾಜು ಒಡೆಯಿರಿ. ಗಾಜಿನ ಬೆಲೆ ಮಗುವಿಗಿಂತ ದೊಡ್ಡದಲ್ಲ.
• ಕೀಯ ಸಂಕೇತವನ್ನು ದೂರದಿಂದ ಎಳೆದು ಕಾರು ಕದಿಯುವ ಉಪಕರಣಗಳಿವೆ. ರಾತ್ರಿ ಕೀಯನ್ನು ಬಾಗಿಲು, ಕಿಟಕಿ ಪಕ್ಕ ಇಡಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿ ಹಿಡಿದು ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆಯುತ್ತದಾ ಎಂದು ಪರೀಕ್ಷಿಸಿ. ತೆಗೆಯದಿದ್ದರೆ ಡಬ್ಬಿ ಸರಿ ಇದೆ.
• ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎರಡೂ ಕೀ ಕೇಳಿ ಪಡೆಯಿರಿ. ಕಾರಿನಲ್ಲಿ ಎಷ್ಟು ಕೀ ನೋಂದಣಿಯಾಗಿವೆ ಎಂದು ಸರ್ವಿಸ್ ಸೆಂಟರ್‌ನಲ್ಲಿ ನೋಡಿಸಿ, ಕೈಗೆ ಸಿಗದ ಕೀಯನ್ನು ಅಳಿಸಿಹಾಕಿಸಿ.
• ಕೀ ಕಳೆದರೆ ಪೊಲೀಸರಿಗೆ ದೂರು ಕೊಟ್ಟು ದಾಖಲೆ ಪಡೆಯಿರಿ. ಕಾರು ಕಳವಾದಾಗ ವಿಮೆ ಕಂಪನಿಯವರು ಎರಡೂ ಕೀ ಕೇಳುತ್ತಾರೆ.

ಭಾನುವಾರ ಹತ್ತು ನಿಮಿಷ

ಇದನ್ನೆಲ್ಲ ಓದಿ ಬಿಟ್ಟರೆ ಸಾಲದು, ಒಮ್ಮೆ ಮಾಡಿ ನೋಡಬೇಕು. ರಜೆ ದಿನ ಬೆಳಗ್ಗೆ ಕೀಯಿಂದ ಸೆಲ್ ತೆಗೆದು ಪಕ್ಕಕ್ಕಿಡಿ. ಇನ್ನೊಂದು ಕೀ ಮನೆಯೊಳಗೇ ಇರಲಿ. ಲೋಹದ ಕೀಯಿಂದ ಬಾಗಿಲು ತೆಗೆದು, ಸತ್ತ ಕೀಯನ್ನು ಬಟನ್‌ಗೆ ತಾಗಿಸಿ ಕಾರು ಸ್ಟಾರ್ಟ್ ಮಾಡಿ. ಕಾರು ಓಡಿಸುವ ಮಗಳು, ಸೊಸೆ, ಡ್ರೈವರ್, ಎಲ್ಲರಿಂದಲೂ ಒಮ್ಮೆ ಮಾಡಿಸಿ. ಎರಡನೇ ಕೀಯೂ ಕೆಲಸ ಮಾಡುತ್ತಿದೆಯಾ ಎಂದು ಅದೇ ದಿನ ನೋಡಿಬಿಡಿ.

ನಂತರ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹೊಸ ಸೆಲ್, ಟಾರ್ಚ್, ಜಂಪರ್ ಕೇಬಲ್, ಸಹಾಯವಾಣಿ ನಂಬರ್ ಬರೆದ ಚೀಟಿ ಇಡಿ. ಸೆಲ್ ಪ್ಯಾಕೆಟ್ ಒಡೆಯದೆ, ಮಕ್ಕಳ ಕೈಗೆ ಸಿಗದ ಹಾಗಿರಲಿ.

ಇಷ್ಟೆಲ್ಲ ಮಾಡಿದರೂ ಕೀ ಪದೇ ಪದೇ ಸಿಗುತ್ತಿಲ್ಲ ಎಂದು ತೋರಿಸಿದರೆ, ಎರಡೂ ಕೀ ಕೆಲಸ ಮಾಡದಿದ್ದರೆ ಅಥವಾ ಓಡುತ್ತಿರುವಾಗ ಎಚ್ಚರಿಕೆ ದೀಪಗಳು ಬಂದರೆ ಮನೆಮದ್ದು ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕು. ಅಲ್ಲಿ ‘ಸ್ಟಾರ್ಟ್ ಆಗ್ತಿಲ್ಲ’ ಅಂತ ಮಾತ್ರ ಹೇಳದೆ, ಯಾವ ಸಂದೇಶ ಬಂತು, ಲೈಟ್ ಹೇಗಿತ್ತು, ಯಾವ ಜಾಗದಲ್ಲಿ ಆಯ್ತು ಅನ್ನೋದನ್ನು ಹೇಳಿ. ಮೀಟರ್ ಬೋರ್ಡ್‌ನ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಸುಮ್ಮನೆ ಹೊಸ ಕೀಗೆ ಸಾವಿರಾರು ರೂಪಾಯಿ ಸುರಿಯುವುದು ತಪ್ಪುತ್ತದೆ.